ನಿಕ್ಕಲ್ ಫೋಮಿನ ಮೇಲೆ ಕಬ್ಬಿಣ: ಆಕ್ಸಿಜನ್ ಕಡೆಯ ವೇಗವರ್ಧಕವನ್ನು ನಾನು ಮಾಡುವ, ಅಳೆಯುವ ಕ್ರಮ

ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಸೆಲ್‌ನಲ್ಲಿ ಹೆಚ್ಚು ವಿದ್ಯುತ್ ದಂಡವಾಗುವುದು ಆಕ್ಸಿಜನ್ ಏಳುವ ಕಡೆ. ಸಿದ್ಧಾಂತದ ಪ್ರಕಾರ 1.23 ವೋಲ್ಟ್ ಸಾಕು. ಸೆಲ್ ನಿಜವಾಗಿ ಓಡುವುದು 1.8 ವೋಲ್ಟಿನ ಆಸುಪಾಸಿನಲ್ಲಿ. ಒಂದು ಕಿಲೋ ಹೈಡ್ರೋಜನ್‌ಗೆ ಪ್ರತಿ ವೋಲ್ಟಿಗೂ 26.6 ಯೂನಿಟ್ ಬೇಕು. 1.8 ವೋಲ್ಟಿನಲ್ಲಿ ಅದು 48 ಯೂನಿಟ್. ಹಾಗಾಗಿ ವೇಗವರ್ಧಕ 100 ಮಿಲಿವೋಲ್ಟ್ ಉಳಿಸಿದರೆ ಕಿಲೋಗೆ 2.66 ಯೂನಿಟ್ ಉಳಿಯಿತು. ಈ ಲೆಕ್ಕ ಕಣ್ಣೆದುರಿಗಿದ್ದರೆ ಹತ್ತು ಮಿಲಿವೋಲ್ಟಿನ ತಪ್ಪನ್ನೂ ಹಗುರವಾಗಿ ಬಿಡಲು ಮನಸ್ಸಾಗುವುದಿಲ್ಲ.

ಆಮ್ಲದ ಮಾಧ್ಯಮದ ಸೆಲ್‌ಗಳಿಗೆ ಇರಿಡಿಯಂ ಬೇಕು, ಅದು ಭೂಮಿಯಲ್ಲಿ ಸಿಗುವುದೇ ಅಪರೂಪ. ಕ್ಷಾರದಲ್ಲಿ ನಿಕ್ಕಲ್ ಮತ್ತು ಕಬ್ಬಿಣ ಸೇರಿದ ಹೈಡ್ರಾಕ್ಸೈಡ್ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಇಲ್ಲಿ ಕಬ್ಬಿಣದ ಪಾಲೇ ಮುಖ್ಯ. ಕಬ್ಬಿಣ ಸ್ವಲ್ಪವೂ ಇಲ್ಲದ ನಿಕ್ಕಲ್ ಹೈಡ್ರಾಕ್ಸೈಡ್ ಮಂಕು. ಅತ್ಯಲ್ಪ ಕಬ್ಬಿಣ ಸೇರಿದರೂ ಚುರುಕಾಗುತ್ತದೆ. ಕಾರಿಗನ್ ಎಂಬ ಸಂಶೋಧಕರು 1987ರಲ್ಲೇ ಇದನ್ನು ತೋರಿಸಿದ್ದರು. ಆದ್ದರಿಂದ ಈ ಕೆಲಸದಲ್ಲಿ ಕಬ್ಬಿಣ ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಕಾಯಬೇಕು.

ಲೇಪಕ್ಕೆ ಆಧಾರ ನಿಕ್ಕಲ್ ಫೋಮ್, ಅಂದರೆ ಸ್ಪಂಜಿನಂತೆ ತೂತುತೂತಾದ ನಿಕ್ಕಲ್ ಹಾಳೆ. ಅದನ್ನು 1 × 3 ಸೆಂ.ಮೀ. ಪಟ್ಟಿಯಾಗಿ ಕತ್ತರಿಸುತ್ತೇನೆ. ಅಸಿಟೋನ್‌ನಲ್ಲಿ ಹತ್ತು ನಿಮಿಷ ಸೋನಿಕೇಟರ್ (ಶಬ್ದದ ಅಲೆಗಳಿಂದ ಕೊಳೆ ಬಿಡಿಸುವ ಯಂತ್ರ), ಆಮೇಲೆ 3 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹತ್ತು ನಿಮಿಷ. 75 ಮಿ.ಲೀ. ನೀರಿಗೆ 37%ನ ಆಮ್ಲ 25 ಮಿ.ಲೀ. ಸುರಿದರೆ ಈ ಹದ ಬರುತ್ತದೆ. ಆಮ್ಲಕ್ಕೆ ನೀರು ಸುರಿಯಕೂಡದು. ಆಮ್ಲದ ಕೆಲಸ ಮೇಲಿನ ಆಕ್ಸೈಡ್ ಪೊರೆ ತೆಗೆಯುವುದು. ಪೊರೆ ಉಳಿದರೆ ಲೇಪ ಹಿಡಿಯುವುದಿಲ್ಲ, ಗುಳ್ಳೆಗಳು ಏಳತೊಡಗಿದ ಕೂಡಲೇ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಫೋಮಿನ ತೆಳು ಎಳೆಗಳೇ ಕರಗಿ, ಚಿಮಟದಲ್ಲಿ ಹಿಡಿದರೆ ಪುಡಿಯಾಗುತ್ತದೆ. ನೀರಿನಲ್ಲಿ ಮೂರು ಸಲ, ಎಥನಾಲ್‌ನಲ್ಲಿ ಒಂದು ಸಲ ತೊಳೆದು, ಗಾಳಿಗೆ ಬಿಡದೆ ಕೂಡಲೇ ಬಳಸುತ್ತೇನೆ.

ಫೋಮ್ ಬತ್ತಿಯಂತೆ ದ್ರಾವಣವನ್ನು ಮೇಲಕ್ಕೆ ಹೀರುತ್ತದೆ. ಒಂದು ಚದರ ಸೆಂ.ಮೀ. ಮುಳುಗಿಸಿದ್ದೇವೆ ಎಂದುಕೊಂಡರೂ ಎರಡು ಚದರ ಸೆಂ.ಮೀ. ಒದ್ದೆಯಾಗಿ ಕೆಲಸ ಮಾಡುತ್ತಿರುತ್ತದೆ, ಕರೆಂಟ್ ಇಮ್ಮಡಿ ಕಾಣುತ್ತದೆ. ಅದಕ್ಕೆ ಕೆಳಗಿನ 1 × 1 ಸೆಂ.ಮೀ. ಬಿಟ್ಟು ಅದರ ಮೇಲೆ ಒಂದು ಪಟ್ಟಿಯಷ್ಟು ಜಾಗವನ್ನು ಒತ್ತಿ ಚಪ್ಪಟೆ ಮಾಡಿ, ಎಪಾಕ್ಸಿ ತುಂಬಿ ಒಣಗಿಸಿಟ್ಟಿರುತ್ತೇನೆ. ಇದನ್ನು ಆಮ್ಲದಲ್ಲಿ ತೊಳೆಯುವ ಮೊದಲೇ ಮುಗಿಸಬೇಕು. ಎಪಾಕ್ಸಿ ಒಣಗಿದ ಮೇಲೆ ಅಸಿಟೋನ್‌ನಲ್ಲಿ ಆ ಭಾಗ ಮುಳುಗದಂತೆ ನೋಡಿಕೊಳ್ಳಿ, ಮೆತ್ತಗಾಗುತ್ತದೆ.

ಲೇಪಕ್ಕೆ ವಿದ್ಯುತ್ ಲೇಪನವೇ ನನಗೆ ಇಷ್ಟ, ಐದು ನಿಮಿಷದಲ್ಲಿ ಮುಗಿಯುತ್ತದೆ. 100 ಮಿ.ಲೀ. ಶುದ್ಧ ನೀರಿಗೆ ನಿಕ್ಕಲ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 87 ಮಿ.ಗ್ರಾಂ, ಫೆರಿಕ್ ನೈಟ್ರೇಟ್ ನೋನಾಹೈಡ್ರೇಟ್ 121 ಮಿ.ಗ್ರಾಂ, ಎರಡೂ 3 ಮಿಲಿಮೋಲಾರ್. ಬೆಳ್ಳಿ–ಬೆಳ್ಳಿ ಕ್ಲೋರೈಡ್ ರೆಫರೆನ್ಸಿಗೆ (ವೋಲ್ಟ್ ಅಳೆಯಲು ಆಧಾರವಾಗಿ ಇಡುವ ಎಲೆಕ್ಟ್ರೋಡ್) ಎದುರಾಗಿ −1.0 ವೋಲ್ಟ್, 300 ಸೆಕೆಂಡ್. ಇಲ್ಲಿ ಲೋಹ ಕೂರುವುದಿಲ್ಲ. ಎಲೆಕ್ಟ್ರೋಡಿನ ಮೈಮೇಲೆ ನೈಟ್ರೇಟ್ ಅಪಕರ್ಷಣೆಗೊಂಡು (ಎಲೆಕ್ಟ್ರಾನ್ ಪಡೆದು) ಹೈಡ್ರಾಕ್ಸೈಡ್ ಅಯಾನು ಹುಟ್ಟುತ್ತದೆ, ಆ ಕ್ಷಾರಕ್ಕೆ ನಿಕ್ಕಲ್ ಮತ್ತು ಕಬ್ಬಿಣ ಅಲ್ಲೇ ಹೈಡ್ರಾಕ್ಸೈಡ್ ಆಗಿ ಕೂರುತ್ತವೆ. ಬೂದು ಬಣ್ಣದ ಫೋಮ್ ತಿಳಿ ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದರೆ ಸರಿ. ಹೆಚ್ಚು ಹೊತ್ತು ಬಿಟ್ಟರೆ ಪದರ ದಪ್ಪಗಾಗಿ, ಒಣಗುವಾಗ ಕೆಸರು ಗದ್ದೆಯಂತೆ ಬಿರುಕು ಬಿಡುತ್ತದೆ. ದ್ರಾವಣವನ್ನು ಅಂದೇ ಮಾಡಿ ಅಂದೇ ಬಳಸಬೇಕು. ಇಟ್ಟರೆ ಕಬ್ಬಿಣ ತಾನಾಗಿಯೇ ತುಕ್ಕಿನ ಬಣ್ಣದ ಗಸಿಯಾಗಿ ತಳ ಸೇರುತ್ತದೆ. ಆಗ ನೀವು ತೂಗಿ ಹಾಕಿದ ಪ್ರಮಾಣಕ್ಕೂ ಫೋಮಿನ ಮೇಲೆ ಕೂತದ್ದಕ್ಕೂ ತಾಳೆಯಾಗುವುದಿಲ್ಲ.

ಇನ್ನು ಸೆಲ್‌ನಲ್ಲಿ ತುಂಬುವ ಕ್ಷಾರ, ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಇದರ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆ. ಬಿಲ್ಲೆಗಳು ಸಾಮಾನ್ಯವಾಗಿ 85% ಶುದ್ಧ, ಉಳಿದದ್ದು ಬಹುತೇಕ ನೀರು. ಒಂದು ಲೀಟರ್ 1 ಮೋಲಾರ್ ದ್ರಾವಣಕ್ಕೆ 56 ಗ್ರಾಂ ಅಲ್ಲ, 66 ಗ್ರಾಂ ಹಾಕಬೇಕು. ಲೇಬಲ್ಲಿನಲ್ಲಿ ಕಬ್ಬಿಣ 0.001% ಎಂದಿದ್ದರೆ ಲೀಟರಿಗೆ 0.66 ಮಿ.ಗ್ರಾಂ ಕಬ್ಬಿಣ ಬಂತು. ಬರೀ ನಿಕ್ಕಲ್ ಎಲೆಕ್ಟ್ರೋಡನ್ನು ಒಳ್ಳೆಯ ವೇಗವರ್ಧಕದಂತೆ ಕಾಣಿಸಲು ಅಷ್ಟು ಸಾಕು. ಗಾಜಿನ ಸೆಲ್ ಬೇರೆ, ಕ್ಷಾರಕ್ಕೆ ಸವೆದು ಸಿಲಿಕೇಟ್ ಜೊತೆಗೆ ಕಬ್ಬಿಣವನ್ನೂ ಬಿಡುತ್ತದೆ. ಹಾಗಾಗಿ ಟೆಫ್ಲಾನ್ ಸೆಲ್, ಪಾಲಿಪ್ರೊಪಿಲೀನ್ ಬಾಟಲಿ.

ಕಬ್ಬಿಣವಿಲ್ಲದ ಹೋಲಿಕೆ ಬೇಕಾದಾಗ ದ್ರಾವಣವನ್ನು ಶುದ್ಧಿ ಮಾಡಲೇಬೇಕು. ಬೋಟ್ಚರ್ ಎಂಬ ಸಂಶೋಧಕರ ತಂಡ 2014ರಲ್ಲಿ ಪ್ರಕಟಿಸಿದ ವಿಧಾನವನ್ನೇ ಅನುಸರಿಸುತ್ತೇನೆ. ಸಲ್ಫ್ಯೂರಿಕ್ ಆಮ್ಲದಿಂದ ತೊಳೆದ 50 ಮಿ.ಲೀ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಅತಿಶುದ್ಧ ನಿಕ್ಕಲ್ ನೈಟ್ರೇಟ್ 2 ಗ್ರಾಂ, 4 ಮಿ.ಲೀ. ನೀರು, ಅದಕ್ಕೆ 1 ಮೋಲಾರ್ ಕ್ಷಾರ 20 ಮಿ.ಲೀ. ಸೇರಿಸಿದರೆ ತಿಳಿ ಹಸಿರು ಮುದ್ದೆ ಬೀಳುತ್ತದೆ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರು ಚೆಲ್ಲಿ, 20 ಮಿ.ಲೀ. ನೀರು ಮತ್ತು 2 ಮಿ.ಲೀ. ಕ್ಷಾರ ಹಾಕಿ ಮೂರು ಸಲ ತೊಳೆಯಬೇಕು. ಆಮೇಲೆ ಶುದ್ಧಿ ಮಾಡಬೇಕಾದ ಕ್ಷಾರವನ್ನು ಟ್ಯೂಬ್ ತುಂಬ ಸುರಿದು, ಕನಿಷ್ಠ ಹತ್ತು ನಿಮಿಷ ಕುಲುಕಿ, ಮೂರು ಗಂಟೆ ಬಿಡಬೇಕು. ಹಸಿರು ಮುದ್ದೆ ಕಬ್ಬಿಣವನ್ನು ಹೀರಿಕೊಂಡಿರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ, ಒಂದು ಚೂರು ಮುದ್ದೆ ಬಂದರೂ ಮತ್ತೆ ಸೆಂಟ್ರಿಫ್ಯೂಜ್. ಶುದ್ಧಿ ಆಯಿತೋ ಇಲ್ಲವೋ ನೋಡಲು ಬರೀ ನಿಕ್ಕಲ್ ಹೈಡ್ರಾಕ್ಸೈಡ್ ಪದರವನ್ನು ಅದರಲ್ಲಿ ಸೈಕಲ್ ಮಾಡುತ್ತೇನೆ, ಅಂದರೆ ವೋಲ್ಟನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ಕರೆಂಟು ನೋಡುತ್ತೇನೆ: ನಿಕ್ಕಲ್‌ನ ಆಕ್ಸಿಡೇಶನ್ ಶಿಖರ ಸೈಕಲ್‌ನಿಂದ ಸೈಕಲ್‌ಗೆ ಹೆಚ್ಚು ವೋಲ್ಟಿನ ಕಡೆಗೆ ಜರುಗಿ, ಆಕ್ಸಿಜನ್ ಬೇಗ ಏಳತೊಡಗಿದರೆ ಕಬ್ಬಿಣ ಇನ್ನೂ ಒಳಸೇರುತ್ತಿದೆ ಎಂದೇ ಅರ್ಥ.

ಅಳೆಯುವಾಗ ಕ್ಷಾರಕ್ಕೆ ಪಾದರಸ–ಪಾದರಸ ಆಕ್ಸೈಡ್ ರೆಫರೆನ್ಸ್ ಬೇಕು. ಬೆಳ್ಳಿ ಕ್ಲೋರೈಡಿನದನ್ನು ಕ್ಷಾರದಲ್ಲಿ ಇಟ್ಟರೆ ಅದರ ವೋಲ್ಟ್ ಸರಿಯುತ್ತಾ ಹೋಗುತ್ತದೆ. ಈ ರೆಫರೆನ್ಸಿನ ಓದನ್ನು ಹೈಡ್ರೋಜನ್ ಅಳತೆಗೆ ಬದಲಿಸುವ ಸೂತ್ರವನ್ನೇ ನಂಬದೆ, ಅದೇ ದ್ರಾವಣದಲ್ಲಿ ಶುದ್ಧ ಪ್ಲಾಟಿನಂ ತಂತಿ ಇಟ್ಟು ಅರ್ಧ ಗಂಟೆ ಹೈಡ್ರೋಜನ್ ಹಾಯಿಸಿ ವ್ಯತ್ಯಾಸವನ್ನು ಅಳೆಯುತ್ತೇನೆ, 0.92 ವೋಲ್ಟಿನ ಹತ್ತಿರ ಬರುತ್ತದೆ. 10 ಮಿಲಿಆಂಪಿಯರಿಗೆ 0.55 ವೋಲ್ಟ್ ಓದಿದರೆ, 0.55 + 0.92 − 1.23, ಅಂದರೆ 240 ಮಿಲಿವೋಲ್ಟ್ ಓವರ್‌ಪೊಟೆನ್ಶಿಯಲ್ (ಸಿದ್ಧಾಂತದ 1.23ಕ್ಕಿಂತ ಹೆಚ್ಚಿಗೆ ಬೇಕಾದ ವೋಲ್ಟ್).

ವೋಲ್ಟನ್ನು ಏರಿಸುತ್ತಾ ಅಳೆದರೆ ನಿಕ್ಕಲ್ ತಾನೇ ಆಕ್ಸಿಡೈಸ್ ಆಗುವ ಕರೆಂಟು ಆಕ್ಸಿಜನ್‌ನ ಲೆಕ್ಕಕ್ಕೆ ಬಂದು ಸೇರುತ್ತದೆ. ಮೇಲಿನಿಂದ ಕೆಳಕ್ಕೆ, ಸೆಕೆಂಡಿಗೆ 1 ಮಿಲಿವೋಲ್ಟಿನಂತೆ ಇಳಿಸಿ ಓದುವುದು ಒಳ್ಳೆಯದು. ಒಂದೊಂದು ಕರೆಂಟಿನಲ್ಲೂ ಹತ್ತು ನಿಮಿಷ ನಿಲ್ಲಿಸಿ ಓದುವುದು ಇನ್ನೂ ಒಳ್ಳೆಯದು. ದ್ರಾವಣದ ರೋಧ 1.5 ಓಮ್ ಇದ್ದರೆ 10 ಮಿಲಿಆಂಪಿಯರಿಗೆ 15 ಮಿಲಿವೋಲ್ಟ್, 100ಕ್ಕೆ 150. ಈ ತಿದ್ದುಪಡಿಗೆ ಮುಂಚಿನ ಅಂಕಿ, ಆಮೇಲಿನ ಅಂಕಿ ಎರಡನ್ನೂ ಬರೆದಿಡುತ್ತೇನೆ. ಅತಿಯಾಗಿ ತಿದ್ದಿದರೆ ಗೆರೆ ಹಿಂದಕ್ಕೆ ಬಾಗುತ್ತದೆ, ಅಂಥ ಗೆರೆಯನ್ನು ಬಿಟ್ಟುಬಿಡಿ.

ಬಂದ ಕರೆಂಟೆಲ್ಲ ಆಕ್ಸಿಜನ್ನೇ ಎಂದು ಅನಿಲ ಅಳೆದೇ ಹೇಳಬೇಕು. 100 ಮಿಲಿಆಂಪಿಯರಿನಲ್ಲಿ ಒಂದು ಗಂಟೆಗೆ 360 ಕೂಲಂಬ್. ಸಮುದ್ರಮಟ್ಟದ ಒತ್ತಡದಲ್ಲಿ, 25 ಡಿಗ್ರಿಯಲ್ಲಿ, 22.8 ಮಿ.ಲೀ. ಒಣ ಆಕ್ಸಿಜನ್. ಬೆಂಗಳೂರಿನಲ್ಲಿ ಇದನ್ನು ಮಾಡುವವರು ಎಚ್ಚರ: ಊರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್. ನೀರಿನ ಮೇಲೆ ಹಿಡಿದ ಅನಿಲದಲ್ಲಿ 3.2 ಕಿಲೋಪಾಸ್ಕಲ್ ನೀರಾವಿಯೂ ಇರುತ್ತದೆ. ಹಾಗಾಗಿ ಅಳತೆ ಕೊಳವೆಯಲ್ಲಿ ಕಾಣುವುದು 26 ಮಿ.ಲೀ.ಗೂ ಸ್ವಲ್ಪ ಹೆಚ್ಚು. ಇದನ್ನು ಮರೆತರೆ ದಕ್ಷತೆ (ಕರೆಂಟಿನಲ್ಲಿ ಆಕ್ಸಿಜನ್‌ಗೆ ಹೋದ ಪಾಲು) 115% ಬರುತ್ತದೆ. ಒತ್ತಡವನ್ನು ತಿದ್ದದೆ 98% ಬಂತೆಂದು ಸಮಾಧಾನಪಟ್ಟುಕೊಂಡರೆ, ನಿಜವಾದ ದಕ್ಷತೆ 85% ಮಾತ್ರ.

ಬಾಳಿಕೆಯ ಪರೀಕ್ಷೆಯನ್ನು ನಿಲ್ಲಿಸದೆ ಓಡಿಸುವುದಷ್ಟರಲ್ಲೇ ಮುಗಿಸಬೇಡಿ. ಪಾವಗಡದಂಥ ಸೌರ ಪಾರ್ಕಿನ ವಿದ್ಯುತ್ತಿಗೆ ಈ ಸೆಲ್ ಜೋಡಿಸಿದರೆ ದಿನವೂ ಸಂಜೆ ಅದು ನಿಲ್ಲುತ್ತದೆ. ಸೆಲ್‌ಗಳ ಸಾಲಿನಲ್ಲಿ ನಿಂತಾಗ ಕರೆಂಟು ಹಿಮ್ಮುಖವಾಗಿ ಹರಿದು, ಹೈಡ್ರಾಕ್ಸೈಡ್ ಪದರ ಅಪಕರ್ಷಣೆಗೊಂಡು ಹಿಗ್ಗಿ ಕುಗ್ಗಿ ಸಡಿಲಾಗುತ್ತದೆ. ಆದ್ದರಿಂದ 100 ಮಿಲಿಆಂಪಿಯರಿನಲ್ಲಿ 50 ನಿಮಿಷ ಓಡಿಸಿ 10 ನಿಮಿಷ ನಿಲ್ಲಿಸುವ ಸುತ್ತುಗಳನ್ನೂ ಸೇರಿಸುತ್ತೇನೆ. ಕಬ್ಬಿಣ ಓಡುವಾಗಲೂ ಕರಗಿ ದ್ರಾವಣಕ್ಕೆ ಹೋಗುತ್ತದೆ, ಒಂದಿಷ್ಟು ಮರಳಿ ಬಂದು ಕೂರುತ್ತದೆ. ದ್ರಾವಣವನ್ನು ಆಗಾಗ ಬದಲಿಸುತ್ತಿದ್ದರೆ ಮರಳಿ ಬರಲು ಕಬ್ಬಿಣವೇ ಉಳಿಯದೆ ಎಲೆಕ್ಟ್ರೋಡ್ ಬೇಗ ಸೋಲುತ್ತದೆ. ಒಂದೊಂದು ಹಂತದಲ್ಲೂ 5 ಮಿ.ಲೀ. ದ್ರಾವಣವನ್ನು ಪ್ಲಾಸ್ಟಿಕ್ ಸೀಸೆಗೆ ತೆಗೆದು, ನೈಟ್ರಿಕ್ ಆಮ್ಲದಿಂದ ಆಮ್ಲೀಯ ಮಾಡಿ, ಐಸಿಪಿ ಯಂತ್ರದಲ್ಲಿ (ದ್ರಾವಣದಲ್ಲಿರುವ ಅತ್ಯಲ್ಪ ಲೋಹವನ್ನೂ ಅಳೆಯುವಂಥದ್ದು) ಕಬ್ಬಿಣ ಮತ್ತು ನಿಕ್ಕಲ್ ಅಳೆಸುತ್ತೇನೆ. ಎಲೆಕ್ಟ್ರೋಡ್ ಮುಳುಗಿಸದ ಅದೇ ದ್ರಾವಣದ ಒಂದು ಸೀಸೆಯೂ ಜೊತೆಗಿರಬೇಕು, ಇಲ್ಲದಿದ್ದರೆ ಕರಗಿದ ಕಬ್ಬಿಣ ಯಾವುದು, ಬಿಲ್ಲೆಯ ಜೊತೆ ಬಂದದ್ದು ಯಾವುದು ಎಂದು ಬೇರ್ಪಡಿಸಲಾಗದು.