ಸಿ ಶಾರ್ಪ್‌ನಲ್ಲಿ ಜೆನೆರಿಕ್ ಮೆಥಡ್‌ಗೆ ‘ವೇರ್’ ಸೇರಿಸುವುದು ಹೇಗೆ

ಎರಡು ಬೆಲೆಗಳಲ್ಲಿ, ಎರಡು ತಾರೀಕುಗಳಲ್ಲಿ ದೊಡ್ಡದು ಯಾವುದು ಎಂದು ಹೇಳುವ ಒಂದೇ ಮೆಥಡ್ (ಹೆಸರಿಟ್ಟು ಕರೆಯುವ ಕೋಡ್ ತುಂಡು) ನನಗೆ ಬೇಕಿತ್ತು. ಮೊದಲು ಎರಡೂ ಪ್ಯಾರಾಮೀಟರ್‌ಗಳನ್ನು ಸುಮ್ನೆ ಐಕಂಪೇರಬಲ್ ಎಂದು ಬರೆದೆ. ಅದು ‘ಇದನ್ನು ಹೋಲಿಸಬಹುದು’ ಎನ್ನುವ ಇಂಟರ್‌ಫೇಸ್, ಅಂದರೆ ಟೈಪ್‌ನಲ್ಲಿ ಏನೇನು ಇರಲೇಬೇಕು ಎಂಬ ಒಪ್ಪಂದ. ಕಂಪೈಲ್ ಆಯಿತು. ಓಡಿಸಿದಾಗ ಒಂದು ಕಡೆ ಇಂಟ್ (ಪೂರ್ಣಾಂಕ), ಇನ್ನೊಂದು ಕಡೆ ಸ್ಟ್ರಿಂಗ್ (ಪಠ್ಯ) ಬಂದು ಎಕ್ಸೆಪ್ಶನ್, ಅಂದರೆ ಓಡುವಾಗಿನ ದೋಷ, ಬಿತ್ತು. ತಪ್ಪು ಹುಡುಕಲು ಅರ್ಧ ದಿನ ಹೋಯಿತು.

ನೀವು ಹೀಗೆ ಮಾಡಿ. ಮೆಥಡ್ ಹೆಸರು ಮುಗಿದ ಕೂಡಲೇ <ಟಿ> ಹಾಕಿ, ಎರಡೂ ಪ್ಯಾರಾಮೀಟರ್‌ಗಳಿಗೆ ಟಿ ಎಂದೇ ಟೈಪ್ ಕೊಡಿ. ಟಿ ಎಂಬುದು ಯಾವುದಾದರೂ ಟೈಪ್‌ಗೆ ಜಾಗ ಹಿಡಿಯುವ ಹೆಸರು; ಹೀಗೆ ಬರೆದ ಮೆಥಡ್ ಜೆನೆರಿಕ್. ಈಗ ಹೋಲಿಸಲು ಒಳಗೆ ಕಂಪೇರ್‌ಟು ಕರೆದರೆ ಕಂಪೈಲರ್ ಒಪ್ಪುವುದಿಲ್ಲ. ಟಿ ಎಂದರೆ ಏನು ಎಂದು ಅದಕ್ಕೆ ಗೊತ್ತಿಲ್ಲ, ಅಲ್ವಾ? ಪ್ಯಾರಾಮೀಟರ್ ಪಟ್ಟಿ ಮುಗಿದ ಮೇಲೆ, ಟಿ ಹೇಗಿರಬೇಕು ಎಂದು ಹೇಳುವ ಈ ನಿಬಂಧನೆ ಸೇರಿಸಿ:

ವೇರ್ ಟಿ : ಐಕಂಪೇರಬಲ್<ಟಿ>

ಈಗ ಕಂಪೇರ್‌ಟು ಕೆಲಸ ಮಾಡುತ್ತದೆ. ಉತ್ತರ ಸೊನ್ನೆಗಿಂತ ಜಾಸ್ತಿ ಇದ್ದರೆ ಮೊದಲನೆಯದೇ ದೊಡ್ಡದು. ಆದರೆ > ಚಿಹ್ನೆ ಆಗಲೂ ನಡೆಯುವುದಿಲ್ಲ, ಆ ಇಂಟರ್‌ಫೇಸ್‌ನಲ್ಲಿ ಅದಿಲ್ಲ. ಇಂಟ್ ಜೊತೆ ಸ್ಟ್ರಿಂಗ್ ಕೊಟ್ಟರೆ ಓಡಿಸುವ ಮೊದಲೇ ತಪ್ಪು ಕಾಣಿಸುತ್ತದೆ.

ನನಗೆ ಇನ್ನೂ ಇಷ್ಟವಾದದ್ದು ಬೇರೆ. ಇಂಟ್ ಒಂದು ಸ್ಟ್ರಕ್ಟ್, ಅಂದರೆ ಮೌಲ್ಯವನ್ನು ನೇರವಾಗಿ ಇಟ್ಟುಕೊಳ್ಳುವ ಟೈಪ್. ಅದನ್ನು ಇಂಟರ್‌ಫೇಸ್ ಆಗಿ ಕಳಿಸಿದರೆ ಬಾಕ್ಸಿಂಗ್ ಆಗುತ್ತದೆ, ಅಂದರೆ ಹೀಪ್ ಎಂಬ ಮೆಮೊರಿ ಭಾಗದಲ್ಲಿ ಹೊಸ ವಸ್ತು ಹುಟ್ಟುತ್ತದೆ. ಟಿ ಆಗಿ ಕಳಿಸಿದರೆ ಆ ಖರ್ಚಿಲ್ಲ. ಲಕ್ಷ ಸಲ ತಿರುಗುವ ಲೂಪ್‌ನಲ್ಲಿ ಇದು ಸಣ್ಣ ಮಾತಲ್ಲ.

ನಿಬಂಧನೆ ಒಂದಕ್ಕಿಂತ ಹೆಚ್ಚಿದ್ದರೆ ನಡುವೆ ಕಾಮಾ ಹಾಕಿ. ಕ್ಲಾಸ್ ಮೊದಲು, ಆಮೇಲೆ ಇಂಟರ್‌ಫೇಸ್‌ಗಳು, ನ್ಯೂ() (ಆರ್ಗ್ಯುಮೆಂಟ್ ಇಲ್ಲದೆ ಹೊಸ ವಸ್ತು ಮಾಡಲು ಬರಬೇಕು ಎನ್ನುವುದು) ಅವುಗಳ ನಂತರ. ಬಳಸದ ನಿಬಂಧನೆ ಮಾತ್ರ ಬೇಡ.