ಮೋಟಾರ್‌ಹೋಮ್‌ನ ಎಂಜಿನ್ ಆಯಿಲ್ ಎಷ್ಟು ಕಾಲಕ್ಕೊಮ್ಮೆ ಬದಲಿಸಬೇಕು?

ಮೋಟಾರ್‌ಹೋಮ್, ಅಂದರೆ ಒಳಗೇ ವಾಸಿಸುವ ಅನುಕೂಲವಿರುವ ವಾಹನ, ಇಟ್ಟುಕೊಂಡ ಅನೇಕರು ಅದನ್ನು ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಓಡಿಸುವುದಿಲ್ಲ. ಕೈಪಿಡಿಯಲ್ಲಿ 15,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಬೇಕೆಂದಿದ್ದರೆ, ಹಾಗಾದರೆ ಮೂರು ವರ್ಷ ಆ ಕಡೆ ತಿರುಗಿ ನೋಡಬೇಕಾಗಿಲ್ಲ ಎಂದು ಅವರಿಗೆ ಅನ್ನಿಸುವುದು ಸಹಜವೇ. ಆದರೆ ಹೆಚ್ಚಿನ ಕೈಪಿಡಿಗಳಲ್ಲಿ ಕಿಲೋಮೀಟರಿನ ಅಂಕಿಯ ಪಕ್ಕದಲ್ಲಿಯೇ ತಿಂಗಳುಗಳ ಅಂಕಿಯೂ ಇರುತ್ತದೆ, ಎರಡರಲ್ಲಿ ಯಾವುದು ಮೊದಲು ಬರುವುದೋ ಅದನ್ನು ಪಾಲಿಸಬೇಕೆಂಬ ಸೂಚನೆಯೂ ಇರುತ್ತದೆ. ದಿನವೂ ಓಡುವ ಕಾರಿನಲ್ಲಿ ಕಿಲೋಮೀಟರಿನ ಗಡುವು ಮೊದಲು ಮುಗಿದರೆ, ಮೋಟಾರ್‌ಹೋಮ್‌ನಲ್ಲಿ ಬಹುತೇಕ ಯಾವಾಗಲೂ ಮೊದಲು ಮುಗಿಯುವುದು ತಿಂಗಳಿನ ಗಡುವು. ಆದ್ದರಿಂದ ಈ ವಾಹನಕ್ಕೆ ಓಡೋಮೀಟರಿಗಿಂತ ಕ್ಯಾಲೆಂಡರ್ ಮುಖ್ಯ: ಓಡಿದ್ದು ಎಷ್ಟೇ ಕಡಿಮೆಯಾಗಿರಲಿ, ವರ್ಷಕ್ಕೊಮ್ಮೆ ಆಯಿಲನ್ನೂ ಫಿಲ್ಟರನ್ನೂ ಒಟ್ಟಿಗೆ ಬದಲಿಸುವುದು ಕ್ಷೇಮ.

ಓಡದ ಗಾಡಿಯ ಆಯಿಲ್ ಯಾಕೆ ಕೆಡಬೇಕು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮುಚ್ಚಳ ತೆರೆಯದ ಡಬ್ಬಿಯಲ್ಲಿರುವ ಆಯಿಲ್ ವರ್ಷಗಟ್ಟಲೆ ಕೆಡುವುದಿಲ್ಲ ಎಂಬುದು ನಿಜ, ಆದರೆ ಎಂಜಿನ್ನಿನ ಸಂಪ್‌ನಲ್ಲಿ, ಅಂದರೆ ತಳದ ಆಯಿಲ್ ತೊಟ್ಟಿಯಲ್ಲಿ ಇರುವುದು ಆ ಆಯಿಲ್ ಅಲ್ಲ. ಇಂಧನ ಉರಿದಾಗಲೆಲ್ಲ ನೀರಿನ ಆವಿ, ಮಸಿ, ಆಮ್ಲೀಯ ಅನಿಲಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದಷ್ಟು ಭಾಗ ಪಿಸ್ಟನ್ ರಿಂಗ್‌ಗಳ ಸಂದಿನಿಂದ ಇಳಿದು ಆಯಿಲಿನೊಳಗೆ ಸೇರಿಕೊಳ್ಳುತ್ತದೆ. ಈ ಆಮ್ಲವನ್ನು ತಟಸ್ಥಗೊಳಿಸಲೆಂದೇ ತಯಾರಕರು ಆಯಿಲಿನಲ್ಲಿ ಕ್ಷಾರೀಯ ಸಂಯೋಜಕಗಳನ್ನು ಬೆರೆಸಿರುತ್ತಾರೆ, ಆದರೆ ಅವು ಬಳಕೆಯಾದಂತೆ ಖರ್ಚಾಗಿ ಹೋಗುವಂಥವು. ಎಂಜಿನ್ ದೀರ್ಘಕಾಲ ಬಿಸಿಯಾಗಿ ಓಡಿದರೆ ನೀರೂ ಬೆರೆತ ಇಂಧನದ ಹೆಚ್ಚಿನ ಭಾಗವೂ ಆವಿಯಾಗಿ ಹೊರಟುಹೋಗುತ್ತವೆ. ಗಾಡಿಯನ್ನು ಆಗೊಮ್ಮೆ ಈಗೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷಕ್ಕೆ ನಿಲ್ಲಿಸಿದರೆ ಎರಡೂ ಒಳಗೇ ಉಳಿಯುತ್ತವೆ. ತಾಪಮಾನದ ಮುಳ್ಳು ನಡುವಿಗೆ ಬಂದಿತೆಂದರೆ ಆಯಿಲೂ ಬಿಸಿಯಾಯಿತೆಂದು ತಿಳಿಯಬಾರದು, ಏಕೆಂದರೆ ಆ ಮುಳ್ಳು ತೋರಿಸುವುದು ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟಿನ ಶಾಖವನ್ನು. ಆಯಿಲ್ ಆ ಮಟ್ಟಕ್ಕೆ ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ನಿಲ್ಲಿಸಿಟ್ಟ ತಿಂಗಳುಗಳಲ್ಲಿ ವಾರಕ್ಕೊಮ್ಮೆ ನಿಂತಲ್ಲೇ ಎಂಜಿನ್ ಚಾಲೂ ಮಾಡಿಡುವ ಅಭ್ಯಾಸ ಇದೇ ಕಾರಣಕ್ಕೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಚಾಲೂ ಮಾಡಲೇಬೇಕೆಂದಿದ್ದರೆ ರಸ್ತೆಗೆ ಇಳಿಸಿ, ಅರ್ಧ ಗಂಟೆಯಾದರೂ ಭಾರವೆಳೆಯುವಂತೆ ಓಡಿಸಬೇಕು. ಆಗದಿದ್ದರೆ ಮುಟ್ಟದೆ ಬಿಡುವುದೇ ಲೇಸು.

ಇನ್ನು ಕಿಲೋಮೀಟರಿನ ಲೆಕ್ಕ. ಅನೇಕ ಕೈಪಿಡಿಗಳಲ್ಲಿ ಎರಡು ಪಟ್ಟಿಗಳಿರುತ್ತವೆ, ಒಂದು ಸಾಮಾನ್ಯ ಬಳಕೆಗೆ, ಇನ್ನೊಂದು ಕಠಿಣ ಬಳಕೆಗೆ. ಪೂರ್ಣ ಭಾರ ಹೊತ್ತು ಓಡುವುದು, ಹಿಂದೆ ಕಾರನ್ನೋ ಟ್ರೇಲರನ್ನೋ ಎಳೆಯುವುದು, ಘಟ್ಟ ಹತ್ತುವುದು, ದೂಳಿನ ದಾರಿ, ದೀರ್ಘಕಾಲದ ಐಡ್ಲಿಂಗ್ (ಗಾಡಿ ನಿಂತಲ್ಲೇ ಎಂಜಿನ್ ಓಡುತ್ತಿರುವುದು), ಸಣ್ಣ ಸಣ್ಣ ಓಡಾಟ, ಇವೆಲ್ಲ ಕಠಿಣ ಬಳಕೆಯ ಲಕ್ಷಣಗಳು. ಮನೆಯಷ್ಟು ಸಾಮಾನು, ನೂರು ಲೀಟರ್ ನೀರು, ಗಾಳಿಗೆ ಎದೆಯೊಡ್ಡುವ ಎತ್ತರದ ಮೈ, ಇಷ್ಟನ್ನು ಸದಾ ಹೊತ್ತುಕೊಂಡೇ ತಿರುಗುವ ಮೋಟಾರ್‌ಹೋಮ್ ಸಾಮಾನ್ಯ ಬಳಕೆಯ ಪಟ್ಟಿಗೆ ಸೇರುವುದು ಅಪರೂಪ. ಪೆಟ್ರೋಲ್ ಎಂಜಿನ್ನಿಗೆ 8,000 ಕಿಲೋಮೀಟರ್ ಆಸುಪಾಸಿನಲ್ಲಿ ಆಯಿಲ್ ಬದಲಿಸಿದರೆ ಅತಿಯಾಯಿತೆಂದು ಹೇಳಲಾಗದು. ಮೋಟಾರ್‌ಹೋಮ್ ಕಟ್ಟಲು ಬಳಸುವ ಆಧುನಿಕ ಡೀಸೆಲ್ ವ್ಯಾನ್ ಚಾಸಿಗಳಲ್ಲಿ (ಅಡಿಚೌಕಟ್ಟುಗಳಲ್ಲಿ) ಕೆಲವಕ್ಕೆ 30,000 ಕಿಲೋಮೀಟರಿಗೂ ಮಿಗಿಲಾದ, ಎರಡು ವರ್ಷಗಳ ಗಡುವನ್ನು ತಯಾರಕರೇ ಕೊಡುತ್ತಾರೆ. ಆದರೆ ಆ ದೊಡ್ಡ ಅಂಕಿ ಹೆದ್ದಾರಿಯಲ್ಲಿ ದಿನವಿಡೀ ಓಡುವ ಸರಕು ವ್ಯಾನಿಗೆ ಒಪ್ಪುವಷ್ಟು, ವರ್ಷದ ಬಹುಭಾಗ ನಿಂತಿರುವ ಗಾಡಿಗೆ ಒಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಗಡುವಿಗಿಂತ ಮುಂಚೆ ಬದಲಿಸಿದರೆ ಎಂಜಿನ್ನಿಗೆ ನಷ್ಟವೇನಿಲ್ಲ, ವೆಚ್ಚ ಹೆಚ್ಚುತ್ತದೆ, ಅಷ್ಟೆ.

ಐಡ್ಲಿಂಗಿನ ಹೊತ್ತು ಓಡೋಮೀಟರಿನಲ್ಲಿ ದಾಖಲಾಗುವುದಿಲ್ಲ ಎಂಬುದನ್ನು ಪ್ರತ್ಯೇಕವಾಗಿ ನೆನಪಿಡಬೇಕು. ಒಂದು ಗಂಟೆಯ ಐಡ್ಲಿಂಗನ್ನು ಸುಮಾರು 40 ಕಿಲೋಮೀಟರ್ ಓಟಕ್ಕೆ ಸಮವೆಂದು ಎಣಿಸುವ ರೂಢಿಯಿದೆ. ತಂಗಿದ ಜಾಗದಲ್ಲಿ ಏಸಿಗೆಂದೋ ಬ್ಯಾಟರಿ ಚಾರ್ಜಿಗೆಂದೋ ಮುಖ್ಯ ಎಂಜಿನ್ನನ್ನೇ ಗಂಟೆಗಟ್ಟಲೆ ಓಡಿಸುವವರು ಈ ಲೆಕ್ಕವನ್ನು ಕೂಡಿಸಿಕೊಳ್ಳಲಿ.

ಕಣ ಶೋಧಕ ಫಿಲ್ಟರ್, ಅಂದರೆ ಡಿಪಿಎಫ್ ಇರುವ ಡೀಸೆಲ್ ಎಂಜಿನ್ನುಗಳಿಗೆ ಇನ್ನೊಂದು ತೊಡಕಿದೆ. ಫಿಲ್ಟರಿನಲ್ಲಿ ಕೂತ ಮಸಿಯನ್ನು ಸುಡಲು ಇಂಥ ಅನೇಕ ಎಂಜಿನ್ನುಗಳು ಸಿಲಿಂಡರಿನೊಳಗೇ ಹೆಚ್ಚುವರಿ ಡೀಸೆಲನ್ನು ತಡವಾಗಿ ಸಿಂಪಡಿಸುತ್ತವೆ. ಸುಡುವ ಕೆಲಸ ನಡುವೆಯೇ ನಿಂತು ಮತ್ತೆ ಮತ್ತೆ ಮೊದಲಾಗುತ್ತಿದ್ದರೆ ಉರಿಯದ ಡೀಸೆಲ್ ಗೋಡೆಯುದ್ದಕ್ಕೂ ಜಾರಿ ಸಂಪ್ ಸೇರುತ್ತದೆ. ಆಗ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಆಯಿಲಿನ ಮಟ್ಟ ಇಳಿಯುವ ಬದಲು ಏರುತ್ತದೆ. ಆಯಿಲ್ ಖರ್ಚಾಗುತ್ತಲೇ ಇಲ್ಲವೆಂದು ಸಂತೋಷಪಡುವ ಸಂಗತಿಯಲ್ಲ ಇದು. ತೆಳುವಾದ ಆಯಿಲ್ ಬೇರಿಂಗನ್ನು ಕಾಯಲಾರದು. ಮಟ್ಟ ಗರಿಷ್ಠ ಗೆರೆಯನ್ನು ದಾಟಿದ್ದರೆ ತಾರೀಖು ನೋಡದೆ ಬದಲಿಸಬೇಕು.

ವರ್ಷಕ್ಕೊಮ್ಮೆ ಎಂದರೆ ವರ್ಷದ ಯಾವ ಹೊತ್ತಿಗೆ ಎಂಬುದು ಅನೇಕರು ಯೋಚಿಸದ ವಿಷಯ. ಹೊಸ ಪ್ರವಾಸ ಹೊರಡುವ ಮುನ್ನ ಆಯಿಲ್ ಬದಲಿಸುವುದು ಸಾಮಾನ್ಯ ಪದ್ಧತಿ, ಆದರೆ ಸರಿಯಾದ ಸಮಯ ಪ್ರವಾಸದ ಋತು ಮುಗಿದು ಗಾಡಿಯನ್ನು ನಿಲ್ಲಿಸಿಡುವ ಮುನ್ನ. ಹಳೆಯ ಆಯಿಲಿನಲ್ಲಿರುವ ಆಮ್ಲವೂ ತೇವವೂ ತಿಂಗಳುಗಟ್ಟಲೆ ಬೇರಿಂಗಿನ ಲೋಹಕ್ಕೆ ಅಂಟಿಕೊಂಡು ಕೂರುವುದರ ಬದಲು ಹೊಸ ಆಯಿಲಿನ ಪದರವೇ ಅಲ್ಲಿರಲಿ. ಬದಲಿಸಿದ ಮೇಲೆ ಕೊನೆಯದಾಗಿ ಒಂದು ಓಟ ಓಡಿಸಿ, ಹೊಸ ಆಯಿಲ್ ಎಲ್ಲೆಡೆ ಹರಡಿದ ಬಳಿಕ ನಿಲ್ಲಿಸಿಡಬೇಕು. ಋತು ಬಂದಾಗ ಮಟ್ಟ ನೋಡಿ ಹೊರಡಬಹುದು, ಇನ್ನೊಮ್ಮೆ ಬದಲಿಸಬೇಕಾಗಿಲ್ಲ.

ಆಯಿಲಿನ ಆಯ್ಕೆಯಲ್ಲಿ ಬ್ರಾಂಡಿಗಿಂತ ಡಬ್ಬಿಯ ಹಿಂಬದಿಯಲ್ಲಿರುವ ಅಕ್ಷರಗಳು ಮುಖ್ಯ. 5ಡಬ್ಲ್ಯು-30, 15ಡಬ್ಲ್ಯು-40 ಮುಂತಾದವು ದಪ್ಪವನ್ನು ಮಾತ್ರ ತಿಳಿಸುತ್ತವೆ. ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆಯ (ಎಪಿಐ) ಗುರುತಿನಲ್ಲಿ ಎಸ್ ಅಕ್ಷರದಿಂದ ಆರಂಭವಾಗುವ ದರ್ಜೆ ಪೆಟ್ರೋಲಿಗೆ, ಸಿ ಅಕ್ಷರದ್ದು ಡೀಸೆಲಿಗೆ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು, ಏಕೆಂದರೆ ಮಸಿಯನ್ನು ಸುಟ್ಟುಬಿಡಬಹುದು, ಆಯಿಲಿನ ಬೂದಿಯನ್ನು ಸುಡಲಾಗುವುದಿಲ್ಲ. ಸಿಂಥೆಟಿಕ್ ಆಯಿಲ್ ಶಾಖವನ್ನು ಚೆನ್ನಾಗಿ ತಡೆಯುತ್ತದೆ, ಚಳಿಯಲ್ಲೂ ಬೇಗ ಹರಿಯುತ್ತದೆ. ಆದರೆ ನೀರು, ಇಂಧನ, ಮಸಿ ಬೆರೆಯುವುದನ್ನು ಅದೂ ತಡೆಯಲಾರದು. ಸಿಂಥೆಟಿಕ್ ಹಾಕಿದ್ದೇನೆಂದು ಗಡುವನ್ನು ಇಮ್ಮಡಿ ಮಾಡಿಕೊಳ್ಳುವ ವಾದಕ್ಕೆ ಆಧಾರವಿಲ್ಲ.

ಸ್ವತಃ ಬದಲಿಸುವವರು ಮೊದಲು ಲಕ್ಷ್ಯ ಕೊಡಬೇಕಾದದ್ದು ಆಯಿಲಿಗಲ್ಲ, ತಲೆಯ ಮೇಲಿರುವ ಹಲವು ಟನ್ ಭಾರಕ್ಕೆ. ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು. ತಂಗುವಾಗ ಗಾಡಿಯನ್ನು ಸಮ ಮಾಡಲೆಂದು ಇರುವ ಜ್ಯಾಕುಗಳನ್ನು ನಂಬಿ ಅಡಿಗೆ ನುಸುಳಬಾರದು. ಏರ್ ಸಸ್ಪೆನ್ಷನ್ ಇರುವ ಗಾಡಿಯಲ್ಲಂತೂ ಗಾಳಿ ಸೋರಿದರೆ ಮೈ ಹಠಾತ್ತಾಗಿ ಕೆಳಗಿಳಿದು ಅಡಿಯಲ್ಲಿರುವವರನ್ನು ಅಪ್ಪಚ್ಚಿ ಮಾಡಬಲ್ಲದು. ಚಾಸಿಗೆ ಭಾರ ತಡೆಯುವ ಸ್ಟ್ಯಾಂಡುಗಳನ್ನು ಕೊಡದೆ ಒಳಗೆ ಹೋಗುವ ಪ್ರಶ್ನೆಯೇ ಇಲ್ಲ.

ಎಂಜಿನ್ ಬೆಚ್ಚಗಿರುವಾಗ, ಕೈ ಸುಡದಷ್ಟು ತಣಿದ ಮೇಲೆ ಡ್ರೇನ್ ಬೋಲ್ಟ್ ಬಿಚ್ಚಬೇಕು. ಕೆಳಗಿಡುವ ಪಾತ್ರೆಯ ಅಳತೆಯನ್ನು ಮೊದಲೇ ನೋಡಿಕೊಳ್ಳಿ: ವ್ಯಾನ್ ಚಾಸಿಯ ಎಂಜಿನ್ನಿನಲ್ಲಿ ಆರೇಳು ಲೀಟರ್ ಇದ್ದರೆ, ಹಿಂಬದಿಯಲ್ಲಿ ದೊಡ್ಡ ಡೀಸೆಲ್ ಎಂಜಿನ್ ಇರುವ ಬಸ್ಸಿನಂಥ ಗಾಡಿಗಳಲ್ಲಿ 20 ಲೀಟರಿಗೂ ಮಿಕ್ಕಿ ಇರಬಹುದು. ತಿರುಗಿಸಿ ಕೂರಿಸುವ ಬಗೆಯ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಗ್ಯಾಸ್ಕೆಟ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆಯೇ ಎಂದು ಬೆರಳಿನಿಂದ ಸವರಿ ನೋಡಬೇಕು. ಹಳೆಯದರ ಮೇಲೆ ಹೊಸದು ಕೂತರೆ ಒತ್ತಡ ಬಂದ ಕೂಡಲೇ ಆಯಿಲೆಲ್ಲ ಹೊರಚಿಮ್ಮುತ್ತದೆ. ಹೊಸ ಗ್ಯಾಸ್ಕೆಟ್ಟಿಗೆ ಒಂದಿಷ್ಟು ಆಯಿಲ್ ಹಚ್ಚಿ, ಫಿಲ್ಟರ್ ಮೇಲೆ ಬರೆದಿರುವಷ್ಟು ಸುತ್ತು ಕೈಯಿಂದಲೇ ಬಿಗಿ ಮಾಡಿದರೆ ಸಾಕು. ಡ್ರೇನ್ ಬೋಲ್ಟಿಗೆ ವಾಷರ್ ಇದ್ದರೆ ಹೊಸದನ್ನೇ ಹಾಕಿರಿ. ತುಂಬುವಾಗ ಹೇಳಿದ ಪ್ರಮಾಣಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಎಂಜಿನ್ನನ್ನು ಒಂದು ನಿಮಿಷ ಓಡಿಸಿ, ಸೋರಿಕೆ ನೋಡಿ, ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ಕಿನ ಗೆರೆಗೆ ಸರಿದೂಗಿಸಬೇಕು. ಹೆಚ್ಚಾದರೂ ತೊಂದರೆಯೇ, ಏಕೆಂದರೆ ಕ್ರ್ಯಾಂಕ್ ಶಾಫ್ಟ್ ಅದನ್ನು ಕಡೆದು ನೊರೆ ಮಾಡುತ್ತದೆ. ಹಳೆಯ ಆಯಿಲನ್ನು ಹೊಸದರ ಡಬ್ಬಿಗಳಿಗೇ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವ ಕಡೆ ಒಪ್ಪಿಸಬೇಕು. ನೆಲಕ್ಕೂ ಚರಂಡಿಗೂ ಸುರಿಯಕೂಡದು.

ಗಾಡಿಯಲ್ಲಿ ವಿದ್ಯುತ್ತಿಗೆಂದು ಜನರೇಟರ್ ಇದ್ದರೆ ಅದಕ್ಕೂ ಸ್ವಂತ ಆಯಿಲ್ ಇರುತ್ತದೆ, ಅದನ್ನು ಮರೆಯುವವರೇ ಹೆಚ್ಚು. ಅದರ ಲೆಕ್ಕ ಗಂಟೆಗಳಲ್ಲಿ: ಪೆಟ್ರೋಲಿನ ಸಣ್ಣ ಜನರೇಟರುಗಳಿಗೆ ಸಾಮಾನ್ಯವಾಗಿ 100ರಿಂದ 150 ಗಂಟೆಗೊಮ್ಮೆ, ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ. ಹೊಚ್ಚಹೊಸ ಜನರೇಟರಿನ ಮೊದಲ ಬದಲಾವಣೆ ಇನ್ನೂ ಬೇಗ ಬರುತ್ತದೆ.

ಆಯಿಲ್ ಕಪ್ಪಾಗಿದೆ ಎಂಬ ಒಂದೇ ಕಾರಣಕ್ಕೆ ಗಾಬರಿಯಾಗಬೇಕಾಗಿಲ್ಲ, ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲೂ ಬಹುಬೇಗ ಕಪ್ಪಾಗುತ್ತದೆ. ಗಮನಿಸಬೇಕಾದದ್ದು ಇಂಧನದ ವಾಸನೆ, ಏರುವ ಮಟ್ಟ, ಮತ್ತು ಹಾಲು ಬೆರೆತಂತೆ ಕಾಣುವ ಬಿಳಿಚು ಬಣ್ಣ. ತುಂಬುವ ಮುಚ್ಚಳದ ಒಳಮೈಯಲ್ಲಿ ಮಾತ್ರ ಅಂಥ ಕೆನೆ ಕಂಡರೆ ಅದು ಬಹುಶಃ ತೇವ; ಡಿಪ್‌ಸ್ಟಿಕ್ಕಿನಲ್ಲೂ ಕಂಡರೆ ಕೂಲಂಟ್ ಒಳಸೇರುತ್ತಿರಬಹುದಾದ್ದರಿಂದ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಬೇಕು. ದೊಡ್ಡ ಡೀಸೆಲ್ ಎಂಜಿನ್ನಿನವರಿಗೆ ಪ್ರಯೋಗಾಲಯದ ಆಯಿಲ್ ಪರೀಕ್ಷೆ ಲಾಭದಾಯಕ: ಮಾದರಿಯಲ್ಲಿ ಸಿಲಿಕಾನ್ ಹೆಚ್ಚಿದ್ದರೆ ಅದು ಹೆಚ್ಚಾಗಿ ದೂಳು ಒಳನುಗ್ಗುತ್ತಿರುವುದರ ಸೂಚನೆ, ಸೀಸವೋ ತಾಮ್ರವೋ ಏರಿದ್ದರೆ ಬೇರಿಂಗ್ ಸವೆಯುತ್ತಿರುವ ಅನುಮಾನ. ಗಡುವನ್ನು ವರ್ಷದಾಚೆಗೆ ಹಿಗ್ಗಿಸಬೇಕೆನ್ನುವವರು ಊಹೆಯ ಬದಲು ಈ ವರದಿಯನ್ನು ಆಧಾರವಾಗಿಟ್ಟುಕೊಳ್ಳಲಿ. ಅದೂ ವಾರಂಟಿ ಮುಗಿದ ಮೇಲೆ, ಏಕೆಂದರೆ ವಾರಂಟಿ ಇರುವಷ್ಟು ಕಾಲ ಕೈಪಿಡಿಯ ಗಡುವನ್ನು ಮೀರುವಂತಿಲ್ಲ, ಮತ್ತು ಪಾಲಿಸಿದ್ದಕ್ಕೆ ಸಾಕ್ಷಿಯಾಗಿ ತಾರೀಖು, ಓಡೋಮೀಟರಿನ ಅಂಕಿ, ಆಯಿಲಿನ ದರ್ಜೆ ಬರೆದ ದಾಖಲೆಯನ್ನೂ ರಸೀದಿಗಳನ್ನೂ ಗಾಡಿಯಲ್ಲೇ ಇಟ್ಟಿರಬೇಕು.