ಮಿಡ್-ಡ್ರೈವ್ ಎಲೆಕ್ಟ್ರಿಕ್ ಸೈಕಲ್: ಮೊದಲು ಗೇರ್, ಆಮೇಲೆ ಅಸಿಸ್ಟ್

ಹೊಸದರಲ್ಲಿ ನಾನು ಏರು ಕಂಡ ಕೂಡಲೇ ಅಸಿಸ್ಟನ್ನು, ಅಂದರೆ ಮೋಟಾರ್ ಕೊಡುವ ನೆರವನ್ನು, ಅತಿ ಹೆಚ್ಚಿನ ಹಂತವಾದ ಟರ್ಬೋಗೆ ಏರಿಸುತ್ತಿದ್ದೆ. ಅರ್ಧ ದಾರಿಯಲ್ಲೇ ಬ್ಯಾಟರಿ ಖಾಲಿ! ಮಿಡ್-ಡ್ರೈವ್ ಮೋಟಾರ್ ಇರುವುದು ಪೆಡಲ್ ಹತ್ತಿರ. ಅದರ ಬಲವೂ ನಮ್ಮ ಕಾಲಿನ ಬಲದ ಹಾಗೆ ಚೈನ್, ಗೇರ್ ಮೂಲಕವೇ ಹಿಂದಿನ ಚಕ್ರಕ್ಕೆ ಹೋಗುತ್ತದೆ, ಅಲ್ವಾ? ಹಾಗಾಗಿ ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ. ಪೆಡಲ್ ನಿಮಿಷಕ್ಕೆ 70ರಿಂದ 80 ಸುತ್ತು ತಿರುಗುತ್ತಿರಲಿ. ಆಗಲೂ ಏದುಸಿರು ಬಂದರೆ ಮಾತ್ರ ಅಸಿಸ್ಟ್ ಒಂದು ಹಂತ ಏರಿಸಿ. ಗೇರ್ ಬದಲಿಸುವಾಗ ಪೆಡಲ್ ತುಳಿಯುವುದನ್ನು ಸ್ವಲ್ಪ ಸಡಿಲಿಸಿ. ಇಲ್ಲದಿದ್ದರೆ ಮೋಟಾರಿನ ಬಲವೂ ಸೇರಿ ಚೈನ್ ಬೇಗ ಸವೆಯುತ್ತದೆ. ನಾನು ಒಂದು ಚೈನ್ ಹಾಳು ಮಾಡಿಕೊಂಡೇ ಇದನ್ನು ಕಲಿತದ್ದು. ಸಮತಟ್ಟು ರಸ್ತೆಗೆ ಕಡಿಮೆ ನೆರವಿನ ಇಕೋ ಹಂತ ಸಾಕು, ಸುಮ್ನೆ ಜಾಸ್ತಿ ಯಾಕೆ? ಹಾಂ, ಸ್ವಿಚ್ ಹಾಕುವಾಗ ಪೆಡಲ್ ಮೇಲೆ ಕಾಲಿಡಬೇಡಿ. ತುಳಿತದ ಬಲ ಅಳೆಯುವ ಎಷ್ಟೋ ಟಾರ್ಕ್ ಸೆನ್ಸರ್‌ಗಳು ಆ ಒತ್ತಡವನ್ನೇ ಸೊನ್ನೆ ಅಂದುಕೊಂಡುಬಿಡುತ್ತವೆ.